ಶ್ಯಾಮದ ಹನ್ನೆರಡು ಬಗೆ: ಭಾವಚಿತ್ರ ಕಲೆಯಲ್ಲಿ ಮೈಬಣ್ಣದ ನಿರ್ವಹಣೆ

ಭಾವಚಿತ್ರದ ಮುಂದೆ ನಿಂತ ನೋಡುಗನ ಮೊದಲ ಪ್ರಶ್ನೆ ಸಾಮಾನ್ಯವಾಗಿ ಹೋಲಿಕೆಗೆ ಸಂಬಂಧಿಸಿದ್ದು. ಕಣ್ಣು, ಮೂಗು, ತುಟಿಗಳ ರೇಖೆ ಸರಿಬಂದಿದೆಯೇ ಎಂಬುದನ್ನು ಅವನು ಮೊದಲು ಪರಿಶೀಲಿಸುತ್ತಾನೆ. ಅನಂತರ ಮುಖದ ಭಾವವನ್ನು ಗುರುತಿಸುತ್ತಾನೆ. ಮೈಬಣ್ಣದ ಪ್ರಶ್ನೆ ಏಳುವುದು ಬಹುಮಟ್ಟಿಗೆ ಅದು ತಪ್ಪಿದಾಗ ಮಾತ್ರ. ಕಾಮಸೂತ್ರಕ್ಕೆ ಯಶೋಧರನು ಬರೆದ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಉಕ್ತವಾಗಿರುವ ಚಿತ್ರದ ಷಡಂಗಗಳಲ್ಲಿ ಸಾದೃಶ್ಯ, ಭಾವ, ಲಾವಣ್ಯಗಳ ಕುರಿತು ನಡೆದಷ್ಟು ಚರ್ಚೆ ಕೊನೆಯ ಅಂಗವಾದ ವರ್ಣಿಕಾಭಂಗದ ಕುರಿತು ನಡೆದಿಲ್ಲ. ಬಣ್ಣಗಳನ್ನು ಬೆರೆಸುವ, ಬಳಸುವ ವಿವೇಕವೇ ವರ್ಣಿಕಾಭಂಗ. ಅದನ್ನು ಕೇವಲ ಕುಶಲಕರ್ಮವೆಂದು ಬದಿಗಿರಿಸಿದ್ದರಿಂದ ಭಾವಚಿತ್ರಗಳ ವಿಮರ್ಶೆಯಲ್ಲಿ ಒಂದು ಮುಖ್ಯ ಪ್ರಶ್ನೆ ಹಿಂದೆ ಉಳಿದಿದೆ: ಚಿತ್ರಕಾರನು ಯಾರ ಮೈಯನ್ನು ಅಳತೆಗೋಲಾಗಿ ಇಟ್ಟುಕೊಂಡು ಬಣ್ಣ ಕಲಸಲು ಕಲಿತನು?

ಮೈಬಣ್ಣವು ಬಟ್ಟಲಲ್ಲಿ ಸಿದ್ಧವಾಗಿ ದೊರೆಯುವ ವಸ್ತುವಲ್ಲ. ಮೈಮೇಲೆ ಬೀಳುವ ಬೆಳಕು, ಬಣ್ಣದ ಕೆಳಗಿನ ತಳಲೇಪ, ಪಕ್ಕದಲ್ಲಿರುವ ಇತರ ಬಣ್ಣ ಈ ಮೂರರ ಸಂಬಂಧದಲ್ಲಿ ಅದು ಹುಟ್ಟುತ್ತದೆ. ಆದ್ದರಿಂದ ಒಂದು ಬಗೆಯ ಮೈಗೆಂದು ರೂಪುಗೊಂಡ ವಿಧಾನವನ್ನು ಇನ್ನೊಂದು ಬಗೆಯ ಮೈಗೆ ಹಾಗೆಯೇ ಒಯ್ದಾಗ ಬಣ್ಣದೊಡನೆ ವ್ಯಕ್ತಿಯೂ ಕೈತಪ್ಪುವ ಸಂಭವವಿದೆ. ಐರೋಪ್ಯ ತೈಲವರ್ಣದ ಪದ್ಧತಿ ಭಾರತದ ಅರಮನೆಗಳನ್ನು ಪ್ರವೇಶಿಸಿದ ಕಾಲದಲ್ಲಿ ಇದು ಹೇಗೆ ಸಂಭವಿಸಿತು, ಅದಕ್ಕೆ ಮೊದಲು ಇಲ್ಲಿ ಯಾವ ತಿಳಿವಳಿಕೆ ಇತ್ತು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

1. ಚರ್ಮ ಮತ್ತು ಬೆಳಕು

ಚರ್ಮವು ಗೋಡೆಯಂತೆ ಅಪಾರದರ್ಶಕವಲ್ಲ. ಬಿದ್ದ ಬೆಳಕಿನ ಒಂದು ಪಾಲು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದದ್ದು ಒಳಹೊಕ್ಕು, ಪದರಗಳ ನಡುವೆ ಚದುರಿ, ಮೆಲನಿನ್ ವರ್ಣದ್ರವ್ಯದಿಂದಲೂ ರಕ್ತದ ಕೆಂಪಿನಿಂದಲೂ ಬಣ್ಣ ಪಡೆದು ಹೊರಬರುತ್ತದೆ. ಹೀಗಾಗಿ ಒಂದೇ ಮುಖದಲ್ಲಿ ಹಲವು ಬಣ್ಣಗಳಿರುತ್ತವೆ. ಮೂಳೆಗೆ ಹತ್ತಿರವಾದ ಹಣೆಯ ಭಾಗ ಹಳದಿಗೆ ವಾಲುತ್ತದೆ. ರಕ್ತಸಂಚಾರ ಹೆಚ್ಚಿರುವ ಕೆನ್ನೆ, ಮೂಗಿನ ತುದಿ, ಕಿವಿಗಳು ಕೆಂಪಿಗೆ ವಾಲುತ್ತವೆ. ಗಡ್ಡ ಬೋಳಿಸಿದ ದವಡೆ ನೀಲಿಗೋ ಹಸಿರಿಗೋ ತಿರುಗುತ್ತದೆ. ಬೆಳಕಿನಿಂದ ನೆರಳಿಗೆ ಹೊರಳುವ ಅಂಚಿನ ನಡುಛಾಯೆಯಲ್ಲಿ ಈ ಭೇದಗಳು ಅತ್ಯಂತ ಸೂಕ್ಷ್ಮವಾಗಿರುತ್ತವೆ. ಭಾವಚಿತ್ರಕಾರನ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ತಿಳಿ ಚರ್ಮಕ್ಕೂ ಕಪ್ಪು ಚರ್ಮಕ್ಕೂ ಈ ದೃಷ್ಟಿಯಿಂದ ಮುಖ್ಯವಾದ ವ್ಯತ್ಯಾಸವಿದೆ. ತಿಳಿ ಚರ್ಮದಲ್ಲಿ ಒಳಗಿನಿಂದ ಹೊರಬರುವ ಬೆಳಕು ಹೆಚ್ಚು. ಆದ್ದರಿಂದ ಅದರ ಸೊಗಸು ನಡುಛಾಯೆಯ ಕೆಂಪು-ಬೂದು ಹೊಂದಾಣಿಕೆಯಲ್ಲಿದೆ. ಕಪ್ಪು ಚರ್ಮದಲ್ಲಿ ಮೆಲನಿನ್ ಆ ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುವುದರಿಂದ ಮೇಲ್ಮೈಯ ಹೊಳಪು ಎದ್ದು ಕಾಣುತ್ತದೆ. ಆ ಹೊಳಪಿನ ಬಣ್ಣ ಚರ್ಮದ್ದಲ್ಲ, ಬೆಳಕಿನದು. ತೆರೆದ ಆಕಾಶದಡಿಯಲ್ಲಿ ಅದು ನೀಲಿಯಾಗಿಯೂ ದೀಪದ ಬಳಿ ಕಿತ್ತಳೆಯಾಗಿಯೂ ತೋರುತ್ತದೆ. ಇದನ್ನರಿಯದ ಚಿತ್ರಕಾರನು ಕಂದು ಬಣ್ಣಕ್ಕೆ ಬಿಳಿಯನ್ನು ಬೆರೆಸಿ ಹೊಳಪು ತೋರಿಸಲು ಹೊರಟರೆ ಮುಖ ಬೂದಿ ಬಳಿದಂತಾಗುತ್ತದೆ. ಕಪ್ಪನ್ನು ಬೆರೆಸಿ ನೆರಳು ತೋರಿಸಿದರೆ ಇದ್ದಿಲಿನಂತೆ ನಿರ್ಜೀವವಾಗುತ್ತದೆ. ಕಪ್ಪು ಮೈಯನ್ನು ತಿಳಿ ಮೈಯ ಮಬ್ಬಾದ ರೂಪವೆಂದು ಭಾವಿಸುವುದೇ ಈ ಎರಡೂ ದೋಷಗಳ ಮೂಲ. ಅದಕ್ಕೆ ತನ್ನದೇ ಆದ ಬೆಳಕು-ನೆರಳಿನ ಶ್ರೇಣಿಯಿದೆ.

2. ಇಟಲಿಯ ಪಾಕ

ಮೈಬಣ್ಣದ ವಿಧಾನವನ್ನು ಹೆಜ್ಜೆಹೆಜ್ಜೆಯಾಗಿ ದಾಖಲಿಸಿದ ಐರೋಪ್ಯ ಗ್ರಂಥಗಳಲ್ಲಿ ಪ್ರಸಿದ್ಧವಾದುದು ಚೆನ್ನಿನೋ ಚೆನ್ನಿನಿ 1400ರ ಸುಮಾರಿಗೆ ರಚಿಸಿದ ‘ಇಲ್ ಲಿಬ್ರೊ ದೆಲ್ಲಾರ್ತೆ’. ಮೊಟ್ಟೆಯ ಲೋಳೆಯಲ್ಲಿ ಬಣ್ಣ ಕಲಸುತ್ತಿದ್ದ ಕಾಲದ ಕೈಪಿಡಿಯಿದು. ಅದರ ಪ್ರಕಾರ ಮುಖದ ಭಾಗಕ್ಕೆ ಮೊದಲು ಹಸಿರು ಮಣ್ಣಿಗೆ ಸೀಸದ ಬಿಳಿಯನ್ನು ಬೆರೆಸಿ ತಳಲೇಪ ಕೊಡಬೇಕು. ಅದರ ಮೇಲೆ, ಒಂದಕ್ಕಿಂತ ಒಂದು ತಿಳಿಯಾಗಿ ಮೂರು ಬಟ್ಟಲುಗಳಲ್ಲಿ ಕಲಸಿಟ್ಟುಕೊಂಡ ಗುಲಾಬಿ ಛಾಯೆಗಳನ್ನು ಕ್ರಮವಾಗಿ ಹಚ್ಚಬೇಕು. ಕೆಂಪಿಗೆ ಎದುರಾದ ಹಸಿರು ತಳದಲ್ಲಿರುವುದರಿಂದ ನೆರಳಿನ ಭಾಗ ತಂಪಾಗಿಯೂ ಬೆಳಕಿನ ಭಾಗ ಬೆಚ್ಚಗೂ ಕಾಣುತ್ತದೆ. ದುಚ್ಚೋ ಮುಂತಾದವರ ಮಾತೃಚಿತ್ರಗಳಲ್ಲಿ ಮೇಲಿನ ಗುಲಾಬಿ ಸವೆದು, ಮುಖಗಳು ಇಂದು ಹಸಿರಾಗಿ ತೋರುವುದಕ್ಕೆ ಈ ತಳಲೇಪವೇ ಕಾರಣ.

ಚೆನ್ನಿನಿಯ ಎರಡು ಸೂಚನೆಗಳು ಇಲ್ಲಿ ಗಮನಾರ್ಹವಾಗಿವೆ. ತರುಣರ ಮುಖಕ್ಕೆ ಪಟ್ಟಣದ ಕೋಳಿಯ ತಿಳಿಹಳದಿ ಲೋಳೆಯನ್ನೂ, ವೃದ್ಧರ ಮತ್ತು ಕಂದು ಮೈಯವರ ಮುಖಕ್ಕೆ ಹಳ್ಳಿಯ ಕೋಳಿಯ ಕಡುಹಳದಿ ಲೋಳೆಯನ್ನೂ ಬಳಸಬೇಕೆಂದು ಅವನು ವಿಧಿಸುತ್ತಾನೆ. ಸತ್ತವನ ಮುಖಕ್ಕೆ ಗುಲಾಬಿಯನ್ನು ಹಚ್ಚಲೇಬಾರದು ಎಂಬುದು ಇನ್ನೊಂದು ಸೂಚನೆ. ಜೀವವೆಂದರೆ ಗುಲಾಬಿ ಎಂಬ ಸಮೀಕರಣ ಈ ಪಾಕದೊಳಗೇ ಅಡಗಿದೆ. ಕಂದು ಮೈಗೆ ಬೇರೆ ಪಾಕವಿಲ್ಲ. ಅದೇ ಪಾಕಕ್ಕೆ ಲೋಳೆಯೊಂದು ಬದಲಾಗುತ್ತದೆ.

ಹದಿನೈದನೆಯ ಶತಮಾನದಲ್ಲಿ ಯಾನ್ ವಾನ್ ಐಕ್ ಮೊದಲಾದವರು ತೈಲವರ್ಣವನ್ನು ಪಳಗಿಸಿದ ಮೇಲೆ ಸಾಧ್ಯತೆಗಳು ಹಿಗ್ಗಿದವು. ಬಿಳಿಯ ತಳದ ಮೇಲೆ ತೆಳುವಾದ ಪಾರದರ್ಶಕ ಲೇಪಗಳನ್ನು ಒಂದರ ಮೇಲೊಂದು ಹಚ್ಚಿದಾಗ ಬೆಳಕು ಚಿತ್ರದೊಳಕ್ಕೆ ಹೊಕ್ಕು, ತಳವನ್ನು ಮುಟ್ಟಿ, ಚರ್ಮದಿಂದ ಬರುವಂತೆಯೇ ಹಿಂದಿರುಗಿತು. ರೂಬೆನ್ಸ್ ನಡುಛಾಯೆಗೆ ನೀಲಿಬೂದನ್ನೂ ನೆರಳಿನಂಚಿಗೆ ಇಂಗಳೀಕದ ಕೆಂಪನ್ನೂ ತಂದು ಮೈಗೆ ರಕ್ತಸಂಚಾರದ ಭ್ರಮೆ ಕೊಟ್ಟನು. ಆದರೆ ಗುಲಾಬಿಯ ಮೇಲಿನ ಈ ಅವಲಂಬನೆಗೆ ಅಪಾಯವೂ ಇತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೋಶುವಾ ರೆನಾಲ್ಡ್ಸ್ ಬೇಗ ಮಾಸುವ ಕಾರ್ಮೈನ್ ಕೆಂಪನ್ನು ಮುಖಗಳಿಗೆ ಬಳಸಿದ್ದರಿಂದ ಅವನ ಅನೇಕ ಭಾವಚಿತ್ರಗಳು ಬಣ್ಣಗೆಟ್ಟು ಬಿಳಿಚಿಕೊಂಡವು.

3. 1650: ರೋಮ್ ಮತ್ತು ಬಿಜಾಪುರ

ಈ ಪದ್ಧತಿಯೊಳಗೆ ಕಪ್ಪು ಮೈಯ ವ್ಯಕ್ತಿಗೆ ಬಹುಕಾಲ ದೊರೆತ ಸ್ಥಾನ ಚಿತ್ರದ ಅಂಚಿನದು. ಶ್ರೀಮಂತ ಮಹಿಳೆಯ ಪಕ್ಕದಲ್ಲಿ ನಿಂತ ಸೇವಕನ ಕಪ್ಪು ಆಕೆಯ ಬಿಳುಪನ್ನು ಎತ್ತಿತೋರಿಸುವ ಸಾಧನವಾಗಿತ್ತು. ಇದನ್ನು ಮೀರಿದ ಮಹತ್ವದ ಕೃತಿ ದಿಯೆಗೊ ವೆಲಾಸ್ಕೆಸ್ 1650ರಲ್ಲಿ ರೋಮ್ ನಗರದಲ್ಲಿ ರಚಿಸಿದ ಹುವಾನ್ ದೆ ಪರೇಹಾನ ಭಾವಚಿತ್ರ. ಆಫ್ರಿಕನ್ ಮೂಲದ ಪರೇಹಾ ವೆಲಾಸ್ಕೆಸ್‌ನ ಗುಲಾಮನಾಗಿದ್ದು ಅವನ ಚಿತ್ರಶಾಲೆಯಲ್ಲಿ ದುಡಿಯುತ್ತಿದ್ದವನು. ಮುಂದೆ ಸ್ವತಃ ಚಿತ್ರಕಾರನಾದವನು. ಆ ವರ್ಷದ ಮಾರ್ಚಿಯಲ್ಲಿ ಚಿತ್ರವು ರೋಮಿನ ಪ್ಯಾಂಥಿಯನ್ನಿನಲ್ಲಿ ಪ್ರದರ್ಶಿತವಾಗಿ ಕಲಾವಿದರ ಮೆಚ್ಚುಗೆ ಗಳಿಸಿತು. ನವೆಂಬರಿನಲ್ಲಿ ವೆಲಾಸ್ಕೆಸ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದನು. ಚಿತ್ರವೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಮುಖದಲ್ಲಿ ಕಪ್ಪು ಬಣ್ಣಕ್ಕೆ ಇರುವ ಸ್ಥಾನ ಅತ್ಯಲ್ಪ. ಕೆಂಗಂದು, ಕಾವಿ, ಬೂದು ಛಾಯೆಗಳು ಸಡಿಲ ಕುಂಚಾಘಾತಗಳಲ್ಲಿ ಒಂದನ್ನೊಂದು ಹಾಯುತ್ತವೆ. ಹಣೆ ಮತ್ತು ಮೂಗಿನ ಮೇಲಿನ ಹೊಳಪು ಕೆಲವೇ ಸ್ಪರ್ಶಗಳಲ್ಲಿ ಮುಗಿದಿದೆ. ಹಿನ್ನೆಲೆಯೂ ಉಡುಪೂ ಹಸಿರುಬೂದಿನ ಸಂಯಮದಲ್ಲಿರುವುದರಿಂದ ಮುಖದ ಕಂದು ಬೆಚ್ಚಗಾಗುತ್ತದೆ. ಅಗಲವಾದ ಬಿಳಿಯ ಕೊರಳಪಟ್ಟಿ ಚಿತ್ರದ ಅತ್ಯಂತ ಪ್ರಕಾಶಮಾನವಾದ ಭಾಗವಾಗಿ, ಮುಖದ ಬೆಳಕು ಎಲ್ಲಿಯವರೆಗೆ ಏರಬಹುದೆಂಬುದಕ್ಕೆ ಮಿತಿ ನಿಗದಿಪಡಿಸುತ್ತದೆ. ಬಿಳಿಯನ್ನು ಮುಖಕ್ಕೆ ಬೆರೆಸದೆ ಪಕ್ಕದಲ್ಲಿರಿಸಿದ ಈ ನಿರ್ಧಾರದಲ್ಲಿ ಚಿತ್ರದ ಯಶಸ್ಸಿನ ಬಹುಪಾಲು ಅಡಗಿದೆ. ನೋಡುಗನನ್ನು ನೇರವಾಗಿ ದಿಟ್ಟಿಸುವ ಪರೇಹಾನಲ್ಲಿ ಸೇವಕತನದ ಕುರುಹಿಲ್ಲ.

ಇದೇ ದಶಕದಲ್ಲಿ, ರೋಮಿಗೆ ಯಾವ ಸಂಪರ್ಕವೂ ಇಲ್ಲದಂತೆ, ಬಿಜಾಪುರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮುಹಮ್ಮದ್ ಆದಿಲ್ ಶಾಹಿಯ ಆಳ್ವಿಕೆಯಲ್ಲಿ (1627-1656) ಆಫ್ರಿಕನ್ ಮೂಲದ ಹಬಶಿ ಅಧಿಕಾರಿ ಇಖ್ಲಾಸ್ ಖಾನ್ ಪ್ರಬಲ ಮಂತ್ರಿಯಾಗಿದ್ದನು. ಸುಲ್ತಾನನೂ ಇಖ್ಲಾಸ್ ಖಾನನೂ ಆನೆಯ ಮೇಲೆ ಕುಳಿತಿರುವ, 1645ರ ಸುಮಾರಿನ ಚಿತ್ರ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬಿಬ್ಬರ ಕೃತಿ. ಕಾಗದದ ಮೇಲೆ ಅಪಾರದರ್ಶಕ ಜಲವರ್ಣ ಮತ್ತು ಚಿನ್ನ ಇದರ ಮಾಧ್ಯಮ. ಇಲ್ಲಿ ಪಾರದರ್ಶಕ ಲೇಪಗಳಿಲ್ಲ, ಒಂದು ಬದಿಯಿಂದ ಬೀಳುವ ಬೆಳಕೂ ಇಲ್ಲ. ದಖ್ಖನಿ ಭಾವಚಿತ್ರದ ಮೈಬಣ್ಣ ಒಂದು ಸಮತಟ್ಟಾದ ಹರವು. ಅದರ ಮೇಲೆ ಕೂದಲೆಳೆಯಂಥ ಕುಂಚದಿಂದ ಕಣ್ಣಂಚು, ಮೂಗಿನ ಬದಿ, ಕೊರಳುಗಳಲ್ಲಷ್ಟೇ ಸೂಕ್ಷ್ಮ ಛಾಯೆ. ತಿಳಿ ಮೈಗೂ ಕಪ್ಪು ಮೈಗೂ ಈ ವಿಧಾನದಲ್ಲಿ ಶ್ರಮ ಒಂದೇ, ಗೌರವವೂ ಒಂದೇ. ಒಂದು ಇನ್ನೊಂದರ ವಿಕಾರವಲ್ಲ. ಸುಲ್ತಾನನ ತಿಳಿಬಣ್ಣವೂ ಮಂತ್ರಿಯ ಕಡುಗಂದೂ ಒಂದೇ ಅಂಬಾರಿಯಲ್ಲಿ ಸರಿಸಮನಾದ ಎರಡು ಬಣ್ಣಗಳಾಗಿ ನಿಲ್ಲುತ್ತವೆ. ವೆಲಾಸ್ಕೆಸ್ ಬೆಳಕನ್ನು ಅರಿತು ಸಾಧಿಸಿದ್ದನ್ನು ಬಿಜಾಪುರದವರು ಬೆಳಕನ್ನೇ ಬಿಟ್ಟುಕೊಟ್ಟು ಸಾಧಿಸಿದರು.

4. ಶಾಸ್ತ್ರದಲ್ಲಿ ಶ್ಯಾಮ

ಬಿಜಾಪುರದ ಈ ಸಮದೃಷ್ಟಿಗಿಂತ ಬಹು ಹಿಂದೆಯೇ ಭಾರತದಲ್ಲಿ ಮೈಬಣ್ಣದ ಕುರಿತು ವಿಸ್ತಾರವಾದ ಪರಿಭಾಷೆ ಬೆಳೆದಿತ್ತು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಮೈಬಣ್ಣವನ್ನು ಗೌರ, ಶ್ಯಾಮ ಎಂದು ಎರಡಾಗಿ ವಿಂಗಡಿಸುತ್ತದೆ. ಗೌರದಲ್ಲಿ ಐದು ಬಗೆ: ಚಿನ್ನ, ದಂತ, ಸೀಳಿದ ಚಂದನ, ಶರತ್ಕಾಲದ ಮೋಡ, ಚಂದ್ರ ಇವು ಅದರ ಉಪಮಾನಗಳು. ಶ್ಯಾಮದಲ್ಲಿ ಹನ್ನೆರಡು ಬಗೆ. ಹೆಸರುಕಾಳಿನ ಶ್ಯಾಮ, ಗರಿಕೆಯ ಚಿಗುರಿನ ಶ್ಯಾಮ, ಪ್ರಿಯಂಗುವಿನ ಶ್ಯಾಮ, ನೀಲೋತ್ಪಲದ ಶ್ಯಾಮ, ರಕ್ತೋತ್ಪಲದ ಶ್ಯಾಮ, ಮಳೆಮೋಡದ ಶ್ಯಾಮ ಹೀಗೆ ಪಟ್ಟಿ ಸಾಗುತ್ತದೆ. ಕೆಂಪು, ಹಳದಿ, ಹಸಿರುಗಳಿಗೆ ವಾಲುವ ಶ್ಯಾಮಗಳೂ ಅದರಲ್ಲಿವೆ.

ಈ ಪಟ್ಟಿಯನ್ನು ಕಾವ್ಯಾಲಂಕಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಚಿತ್ರಶಾಲೆಯ ದೃಷ್ಟಿಯಿಂದ ಓದಿದಾಗ ಪ್ರತಿಯೊಂದು ಉಪಮಾನವೂ ಒಂದು ಬೆರಕೆಯ ಸೂಚನೆಯಾಗುತ್ತದೆ. ಹೆಸರುಕಾಳಿನ ಶ್ಯಾಮಕ್ಕೆ ಹಸಿರು ಮಣ್ಣು ಬೇಕು, ರಕ್ತೋತ್ಪಲದ ಶ್ಯಾಮಕ್ಕೆ ಕೆಮ್ಮಣ್ಣು ಬೇಕು, ಮೋಡದ ಶ್ಯಾಮಕ್ಕೆ ಕಾಡಿಗೆಯೊಡನೆ ನೀಲಿ ಬೇಕು. ಗೌರಕ್ಕಿಂತ ಶ್ಯಾಮಕ್ಕೆ ಎರಡು ಪಟ್ಟಿಗೂ ಮಿಕ್ಕ ಭೇದಗಳನ್ನು ಎಣಿಸಿದ ಶಾಸ್ತ್ರಕಾರನ ಕಣ್ಣು ತನ್ನ ಸುತ್ತಲಿನ ಜನರನ್ನು ಕಂಡ ಕಣ್ಣು. ಛಾಯೆ ನೀಡುವ ವರ್ತನೆಯ ಮೂರು ಕ್ರಮಗಳನ್ನೂ ಅದೇ ಗ್ರಂಥ ಹೇಳುತ್ತದೆ: ಎಲೆಯ ನರಗಳಂಥ ಗೆರೆಗಳಿಂದ ಪತ್ರಜ, ಅತಿಸೂಕ್ಷ್ಮ ಗೆರೆಗಳಿಂದ ಐರಿಕ, ಚುಕ್ಕೆಗಳಿಂದ ಬಿಂದುಜ. ಅಜಂತಾದ ಮೊದಲನೆಯ ಗುಹೆಯಲ್ಲಿ ತಿಳಿಮೈಯ ಪದ್ಮಪಾಣಿಯ ಬಳಿಯೇ ಕಡುಶ್ಯಾಮ ಮೈಯ ಸ್ತ್ರೀಯ ರೂಪ ಸಮಾನ ಲಾವಣ್ಯದಿಂದ ಮೂಡಿರುವುದು ಇಂಥ ತಿಳಿವಳಿಕೆ ಕೈಯಲ್ಲಿಯೂ ಇತ್ತೆಂಬುದಕ್ಕೆ ಸಾಕ್ಷಿ.

ಕನ್ನಡ ನಾಡಿನ ಮಟ್ಟಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮುಖ್ಯ ಆಕರ. ಹನ್ನೆರಡನೆಯ ಶತಮಾನದ ಈ ಗ್ರಂಥವು ಗೋಡೆಯ ತಳ ಸಿದ್ಧಪಡಿಸುವುದು, ಎಮ್ಮೆಯ ಚರ್ಮದಿಂದ ವಜ್ರಲೇಪವೆಂಬ ಅಂಟು ತಯಾರಿಸುವುದು, ಶಂಖದ ಬಿಳಿ, ಇಂಗಳೀಕ, ಅರದಾಳ, ಕಾಡಿಗೆಗಳನ್ನು ಬೆರೆಸುವುದು ಮುಂತಾದವನ್ನು ವಿವರಿಸುತ್ತದೆ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರವನ್ನು ಅದು ‘ವಿದ್ಧಚಿತ್ರ’ವೆಂದು ಕರೆಯುತ್ತದೆ. ಭಾವಚಿತ್ರದ ಕಲ್ಪನೆ ಐರೋಪ್ಯರಿಂದಲೇ ಬಂದಿತೆಂಬ ಸಾಮಾನ್ಯ ಅಭಿಪ್ರಾಯವನ್ನು ತಿದ್ದಲು ಈ ಒಂದು ಪದವೇ ಸಾಕು.

5. ಮೈಸೂರಿನ ಹನ್ನೊಂದು ಸ್ತ್ರೀಯರು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೈಲವರ್ಣದ ಭಾವಚಿತ್ರವು ದೇಶೀಯ ಸಂಸ್ಥಾನಗಳಲ್ಲಿ ಪ್ರತಿಷ್ಠೆಯ ವಸ್ತುವಾಯಿತು. ಈ ಪದ್ಧತಿಯನ್ನು ಭಾರತೀಯ ಕೈಗೆ ಒಗ್ಗಿಸಿಕೊಂಡವರಲ್ಲಿ ರಾಜಾ ರವಿವರ್ಮನ (1848-1906) ಸ್ಥಾನ ಹಿರಿದು. ಅವನಿಗೂ ಮೈಸೂರು ಅರಮನೆಗೂ ಇದ್ದ ಸಂಬಂಧ ಸುಪರಿಚಿತ. ಮೈಸೂರಿನ ಮಹಾರಾಜರಿಗಾಗಿ 1889ರ ಸುಮಾರಿಗೆ ಅವನು ರಚಿಸಿದ, ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದ ಗಾಯಕಿ-ವಾದಕಿಯರ ಸಮೂಹಚಿತ್ರ ಪ್ರಸ್ತುತ ಚರ್ಚೆಗೆ ಅತ್ಯಂತ ಉಪಯುಕ್ತವಾದುದು. ಭಾರತದ ವಿವಿಧ ಪ್ರಾಂತಗಳಿಗೂ ಸಮುದಾಯಗಳಿಗೂ ಸೇರಿದ ಹನ್ನೊಂದು ಮಂದಿ ಸ್ತ್ರೀಯರು ಒಂದೇ ಕೋಣೆಯಲ್ಲಿ, ಒಂದೇ ಬೆಳಕಿನಲ್ಲಿ ಇಲ್ಲಿ ಸೇರಿದ್ದಾರೆ. ದೇಶದ ವೈವಿಧ್ಯವನ್ನು ಒಂದು ಚೌಕಟ್ಟಿನಲ್ಲಿ ತೋರಿಸುವುದು ಚಿತ್ರದ ಉದ್ದೇಶವೆಂಬುದು ಸ್ಪಷ್ಟ. ಮೈಬಣ್ಣದ ನಿರ್ವಹಣೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ವಿರಳ.

ಆ ಸಂದರ್ಭವನ್ನು ರವಿವರ್ಮ ಬಳಸಿಕೊಂಡ ಬಗೆ ಪರಿಶೀಲನಾರ್ಹ. ರೇಷ್ಮೆಯ ಮಡಿಕೆ, ಜರಿಯ ಹೊಳಪು, ಚಿನ್ನದ ಆಭರಣಗಳ ಚಿತ್ರಣದಲ್ಲಿ ಅವನ ಪ್ರಭುತ್ವ ನಿರ್ವಿವಾದ. ಉಡುಗೆ, ಆಭರಣ, ಕೇಶಾಲಂಕಾರ, ವಾದ್ಯ ಇವುಗಳಲ್ಲಿ ಒಬ್ಬಳಿಂದ ಇನ್ನೊಬ್ಬಳಿಗೆ ಸ್ಫುಟವಾದ ಭೇದವಿದೆ. ಮೈಬಣ್ಣದ ಹರವು ಮಾತ್ರ ಕಿರಿದು. ಅದು ಬಹುತೇಕ ಚಿನ್ನದ ಬಿಳುಪಿನಿಂದ ಗೋಧಿಬಣ್ಣದ ಆಸುಪಾಸಿನವರೆಗೆ ಸಾಗಿ ನಿಲ್ಲುತ್ತದೆ. ಕಡುಶ್ಯಾಮ ಮೈಯವಳು ಅಲ್ಲಿಲ್ಲ. ಚಿತ್ರಸೂತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಹನ್ನೊಂದು ಮಂದಿಗೆ ಗೌರದ ಐದು ಬಗೆಗಳೇ ಬಹುಮಟ್ಟಿಗೆ ಸಾಕಾಗಿವೆ. ಪ್ರಾಂತಭೇದವನ್ನು ಸೀರೆ ಹೇಳುತ್ತದೆ, ಚರ್ಮ ಹೇಳುವುದಿಲ್ಲ. ಇದೇ ಒಲವು ಅವನ ಪೌರಾಣಿಕ ಚಿತ್ರಗಳಲ್ಲಿ ಇನ್ನೂ ಸ್ಪಷ್ಟವಾಗಿದೆ. ಮಹಾಭಾರತವು ದ್ರೌಪದಿಯನ್ನು ಕೃಷ್ಣೆಯೆಂದು ಕರೆಯುವುದು ಅವಳ ಮೈಬಣ್ಣದಿಂದ. ರವಿವರ್ಮನ ಕ್ಯಾನ್ವಾಸಿನ ದ್ರೌಪದಿ ತಿಳಿ ಮೈಯವಳು.

ಈ ವಿಮರ್ಶೆಗೆ ಕೆಲವು ಮಿತಿಗಳನ್ನು ಹಾಕಿಕೊಳ್ಳುವುದು ನ್ಯಾಯ. ತೈಲಚಿತ್ರದ ಮೇಲಿನ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗಟ್ಟುವುದರಿಂದ ಇಂದು ಕಾಣುವ ಛಾಯೆಯನ್ನೇ ಮೂಲವೆಂದು ತೀರ್ಮಾನಿಸಲಾಗದು. ಪೋಷಕರ ಅಭಿರುಚಿಯೂ ಚಿತ್ರಕಾರನ ಬಟ್ಟಲನ್ನು ನಿಯಂತ್ರಿಸುತ್ತದೆ. ಬಿಳುಪಿನ ಮೋಹ ರವಿವರ್ಮನಿಂದ ಆರಂಭವಾದುದೂ ಅಲ್ಲ. ಆದರೂ ವಿಧಾನದ ಹೊಣೆಯನ್ನು ಅಲ್ಲಗಳೆಯಲಾಗದು. ಅವನು ಬಹುಮಟ್ಟಿಗೆ ನೋಡಿ, ಪ್ರಯೋಗಿಸಿ ಕಲಿತ ಪದ್ಧತಿ ತಿಳಿ ಮೈಯ ನಡುಛಾಯೆಗೆಂದು ಶತಮಾನಗಳ ಕಾಲ ಪರಿಷ್ಕೃತವಾದದ್ದು. ಅದರಲ್ಲಿ ಲಾವಣ್ಯವೆಂದರೆ ಮೃದುವಾದ ಗುಲಾಬಿಯ ಹೊರಳು. ಆ ಹೊರಳನ್ನು ಉಳಿಸಿಕೊಳ್ಳಬೇಕಾದರೆ ಮೈಯನ್ನು ತಿಳಿಗೊಳಿಸುವುದು ಸುಲಭದ ದಾರಿಯಾಗಿತ್ತು. 1894ರಲ್ಲಿ ಮುಂಬಯಿಯಲ್ಲಿ ಅವನ ಮುದ್ರಣಾಲಯ ಆರಂಭವಾದ ಮೇಲೆ ಈ ಆಯ್ಕೆ ಒಬ್ಬ ಕಲಾವಿದನ ಅಭಿರುಚಿಯಾಗಿ ಉಳಿಯಲಿಲ್ಲ. ಶಿಲಾಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಛಾಯಾಭೇದ ಹೆಚ್ಚಿದಷ್ಟೂ ವೆಚ್ಚ ಹೆಚ್ಚು. ಅಗ್ಗದ ಪ್ರತಿಗಳಲ್ಲಿ ಮನೆಮನೆಯ ಗೋಡೆಗೆ ತಲುಪಿದ ದೇವಿಯರ ತಿಳಿಗುಲಾಬಿ ಮುಖ ಮುಂದೆ ಕ್ಯಾಲೆಂಡರುಗಳ ಮಾದರಿಯಾಯಿತು.

6. ದಕ್ಷಿಣದ ಕಂದು

ಈ ಪದ್ಧತಿಯನ್ನು ಪ್ಯಾರಿಸ್ಸಿನಲ್ಲಿಯೇ ಕ್ರಮಬದ್ಧವಾಗಿ ಕಲಿತು, ಅನಂತರ ಅದರಿಂದ ಬಿಡಿಸಿಕೊಂಡವಳು ಅಮೃತಾ ಶೇರ್‌ಗಿಲ್ (1913-1941). 1934ರ ಕೊನೆಯಲ್ಲಿ ಭಾರತಕ್ಕೆ ಮರಳಿದ ಅವಳು ಮುಂದೆ ಅಜಂತಾ, ಎಲ್ಲೋರಗಳನ್ನೂ ದಕ್ಷಿಣ ಭಾರತವನ್ನೂ ಸಂದರ್ಶಿಸಿದಳು. ಆ ಪ್ರವಾಸದ ಫಲವಾಗಿ 1937ರಲ್ಲಿ ಮೂಡಿದ ಮೂರು ಚಿತ್ರಗಳಲ್ಲಿ ‘ಬ್ರಹ್ಮಚಾರಿಗಳು’ ಒಂದು. ಬರಿಮೈಯಲ್ಲಿ ಕುಳಿತ ವಟುಗಳ ಮೈಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ಬದಿಯಿಂದ ಬೀಳುವ ಬೆಳಕನ್ನೂ ಆಳವಾದ ನೆರಳನ್ನೂ ಇಲ್ಲಿ ಬಹುತೇಕ ಕೈಬಿಡಲಾಗಿದೆ. ಕೆಂಪು ನೆಲೆಯ ಮುಂದೆ ಕಂದಿನ ಹಲವು ಹರವುಗಳು, ಅವುಗಳ ನಡುವೆ ಪಂಚೆಗಳ ಬಿಳಿ. ಪರೇಹಾನ ಕೊರಳಪಟ್ಟಿ ಮಾಡಿದ ಕೆಲಸವನ್ನೇ ಇಲ್ಲಿ ಪಂಚೆ ಮಾಡುತ್ತದೆ: ಬಿಳಿ ಮೈಯೊಳಗೆ ಬೆರೆಯದೆ ಮೈಯ ನೆರೆಯಲ್ಲಿದ್ದು ಕಂದನ್ನು ಬೆಳಗಿಸುತ್ತದೆ. ಬಣ್ಣವನ್ನು ಸಮತಟ್ಟಾಗಿ ಹರಡುವ ಕ್ರಮದಲ್ಲಿ ಅಜಂತಾದ ಭಿತ್ತಿಯ ಪಾಠವಿದೆ. ಕ್ಯಾನ್ವಾಸೂ ತೈಲವೂ ಯೂರೋಪಿನವು. ಮಾಧ್ಯಮವನ್ನು ಸ್ವೀಕರಿಸಿ ಅದರ ಅಳತೆಗೋಲನ್ನು ನಿರಾಕರಿಸುವುದು ಸಾಧ್ಯವೆಂಬುದನ್ನು ಈ ಕೃತಿ ತೋರಿಸಿಕೊಟ್ಟಿತು.

ಈ ಅವಲೋಕನದಿಂದ ಹೊರಡುವ ನಿಷ್ಕರ್ಷೆ ಚಿತ್ರಶಾಲೆಗೂ ವಸ್ತುಸಂಗ್ರಹಾಲಯಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ‘ಚರ್ಮದ ಬಣ್ಣ’ವೆಂಬ ಹೆಸರಿನಲ್ಲಿ ಗುಲಾಬಿಯ ಕೊಳವೆಯೊಂದನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ ತನ್ನ ಎದುರು ಕುಳಿತವನನ್ನು ನೋಡುವ ಮೊದಲೇ ಒಂದು ತೀರ್ಮಾನಕ್ಕೆ ಒಳಗಾಗಿರುತ್ತಾನೆ. ಹಳೆಯ ಭಾವಚಿತ್ರವನ್ನು ಶುಚಿಗೊಳಿಸುವ ಸಂರಕ್ಷಕನು ಮುಖದ ಕಂದೆಲ್ಲ ಕೊಳೆಯೆಂದು ಭಾವಿಸಿದರೆ ಮೂಲದ ಪಾರದರ್ಶಕ ಲೇಪವೇ ಅಳಿಸಿಹೋಗಬಹುದು. ಅಲ್ಲಿ ನಷ್ಟವಾಗುವುದು ಒಬ್ಬ ವ್ಯಕ್ತಿಯ ಗುರುತು.

ಕನ್ನಡದ ಆಡುಮಾತಿನಲ್ಲಿ ಮೈಬಣ್ಣಕ್ಕೆ ಹಾಲುಬಿಳುಪು, ಗೋಧಿಬಣ್ಣ, ಎಣ್ಣೆಗೆಂಪು, ಸಾದಗಪ್ಪು ಮೊದಲಾದ ಪದಗಳಿವೆ. ಅವುಗಳಲ್ಲಿ ಎಣ್ಣೆಗೆಂಪು ವಿಶೇಷ ಗಮನಕ್ಕೆ ಅರ್ಹ. ಕಂದು ಮೈಯ ಒಳಗಿನ ಕೆಂಪನ್ನೂ ಅದರ ಮೇಲ್ಮೈಯ ಹೊಳಪನ್ನೂ ಅದು ಒಟ್ಟಿಗೆ ಹಿಡಿಯುತ್ತದೆ; ಕಂದನ್ನು ಬಿಳಿಯಿಂದ ಅಳೆಯುವುದಿಲ್ಲ. ವೆಲಾಸ್ಕೆಸ್‌ನ ಕುಂಚ ಅರಿತುಕೊಂಡ ಸಂಗತಿಯೂ ಇದೇ, ಚಿತ್ರಸೂತ್ರದ ಹನ್ನೆರಡು ಶ್ಯಾಮಗಳ ಹಿಂದಿರುವ ಸಂಗತಿಯೂ ಇದೇ. ಕನ್ನಡ ನಾಡಿನ ಭಾವಚಿತ್ರಕಾರನಿಗೆ ಬೇಕಾದ ವರ್ಣಿಕಾಭಂಗದ ಮೊದಲ ಪಾಠ ಅವನ ಮನೆಮಾತಿನಲ್ಲಿಯೇ ಇದೆ.